ತಕ್ಕಡಿಗೆ ಏರುವ ಮೀನು

(ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಇವತ್ತು ನಾವು ಮಾತನಾಡಲು ಆರಿಸಿಕೊಂಡಿರುವ ವಿಷಯವನ್ನು ಕೇಳಿ ಕೆಲವರಿಗೆ ನಗು ಬಂದರೂ ಬರಬಹುದು. ಟೀ ಗಿಡಗಳ ನಡುವೆ ದಿನ ಕಳೆಯುವ ನಾವೆಲ್ಲಿ, ಕಡಲಿನ ನಡುವೆ ನಡೆಯುವ ಮೀನು ಹಿಡಿಯುವ ಪಂದ್ಯವೆಲ್ಲಿ? ನಮ್ಮ ಲೈನುಮನೆಗಳಿಗೆ ಮೀನು ಎಂದರೆ ಘಾಟಿ ಹತ್ತಿ ಬರುವ ಮತ್ತಿ, ಬಂಗುಡೆ. ಇಲ್ಲವೇ ಸಂತೆಯಲ್ಲಿ ಸಿಗುವ ಒಣಮೀನು. ಅದನ್ನು ಹಿಡಿದವರು ಯಾರು, ಯಾವ ಕಡಲಲ್ಲಿ ಹಿಡಿದರು ಎಂದು ನಾವು ವಿಚಾರಿಸುವುದಿಲ್ಲ. ವಿಚಾರಿಸಲು ಪುರುಸೊತ್ತೂ ಇಲ್ಲ.

ಆದರೂ ಈ ವಿಷಯವನ್ನು ಬೇಕೆಂದೇ ಆರಿಸಿಕೊಂಡಿದ್ದೇವೆ. ಸಿರಿವಂತರ ಆಟವೊಂದನ್ನು ಹತ್ತಿರದಿಂದ ನೋಡಿದರೆ ಅದರೊಳಗೂ ಕೂಲಿಯವನ ಕೈ ಕಾಣುತ್ತದೆ, ತಕ್ಕಡಿ ಕಾಣುತ್ತದೆ, ಚೀಟಿ ಕಾಣುತ್ತದೆ, ವ್ಯಾಜ್ಯ ಕಾಣುತ್ತದೆ. ಇವೆಲ್ಲ ನಮಗೆ ಹೊಸವಲ್ಲ. ದೂರದ ಕನ್ನಡಿಯಲ್ಲಿ ನಮ್ಮದೇ ಮುಖ ಸ್ವಲ್ಪ ಕಂಡರೆ ನೋಡೋಣ.

ಮೊದಲು ಆ ಪಂದ್ಯ ಎಂಥದು ಎಂಬುದನ್ನು ಹೇಳುತ್ತೇವೆ. ಅಮೆರಿಕ ದೇಶದ ಪೂರ್ವ ತೀರದಲ್ಲಿ ನಾರ್ತ್ ಕೆರೊಲಿನಾ ಎಂಬ ರಾಜ್ಯವಿದೆ. ಅಲ್ಲಿ ಮೋರ್‌ಹೆಡ್ ಸಿಟಿ ಎಂಬ ಬಂದರು ಊರು. 1957ರಿಂದ ಆ ಊರಿನಲ್ಲಿ 'ಬಿಗ್ ರಾಕ್ ಬ್ಲೂ ಮಾರ್ಲಿನ್' ಎಂಬ ಪಂದ್ಯ ನಡೆದುಬಂದಿದೆ. ಈಗ ಪ್ರತಿವರ್ಷ ಜೂನ್ ತಿಂಗಳಲ್ಲಿ ಅದು ಜರುಗುತ್ತದೆ. ಬಿಗ್ ರಾಕ್ ಎಂದರೆ ದೊಡ್ಡ ಬಂಡೆ. ದಡದಿಂದ ಬಹುದೂರದಲ್ಲಿ, ಕಡಲ ತಳ ಇದ್ದಕ್ಕಿದ್ದಂತೆ ಆಳಕ್ಕೆ ಇಳಿಯುವ ಅಂಚಿನಲ್ಲಿ ಇರುವ ಕಲ್ಲಿನ ಸಾಲು ಅದು. ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ನೀರಿನ ಪ್ರವಾಹ ಆ ಭಾಗದಲ್ಲಿ ಹರಿಯುತ್ತದೆ. ನೀರಿನ ಬಣ್ಣವೇ ಬದಲಾಗಿ ಗಾಢ ನೀಲಿಯಾಗುವ ಆ ಜಾಗದಲ್ಲಿ ಸಣ್ಣ ಮೀನುಗಳು ಸೇರುತ್ತವೆ. ಅವುಗಳನ್ನು ಹುಡುಕಿಕೊಂಡು ದೊಡ್ಡ ಮೀನು ಬರುತ್ತದೆ.

ಆ ದೊಡ್ಡ ಮೀನಿನ ಹೆಸರು ಮಾರ್ಲಿನ್. ಮೇಲ್ದವಡೆ ಈಟಿಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಇದರಲ್ಲಿ ನೀಲಿ ಮಾರ್ಲಿನ್, ಬಿಳಿ ಮಾರ್ಲಿನ್, ಕಪ್ಪು ಮಾರ್ಲಿನ್ ಎಂದು ಜಾತಿಗಳಿವೆ. ಬಿಳಿಯದು ಚಿಕ್ಕದು. ನೀಲಿಯದೂ ಕಪ್ಪಿನದೂ ಎತ್ತುಗಳಷ್ಟು ತೂಗುತ್ತವೆ. 1953ರ ಆಗಸ್ಟ್ 4ರಂದು ದಕ್ಷಿಣ ಅಮೆರಿಕದ ಪೆರು ದೇಶದ ಕಾಬೊ ಬ್ಲಾಂಕೊ ಎಂಬಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಎಂಬವರು ಗಾಳದಲ್ಲಿ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡು, ಅಂದರೆ 707 ಕಿಲೋಗಿಂತ ಹೆಚ್ಚು ತೂಗಿತು. ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. ನೀಲಿ ಮಾರ್ಲಿನ್‌ಗಳಲ್ಲಿ ಗಂಡು ಅಷ್ಟೊಂದು ಬೆಳೆಯುವುದಿಲ್ಲ. ಪಂದ್ಯದ ತಕ್ಕಡಿಗೆ ಏರುವ ಭಾರಿ ಮೀನೆಲ್ಲ ಹೆಣ್ಣೇ, ಮೊಟ್ಟೆ ಇಡುವ ತಾಯಿಯೇ.

ಬೋಟು ಹೊರಡುವುದು ಬೆಳಗಿನ ಕತ್ತಲಲ್ಲಿ. ಮಾಲೀಕ ಒಬ್ಬ ಇರುತ್ತಾನೆ. ಬೋಟು, ಎಣ್ಣೆ, ಪ್ರವೇಶ ಹಣ ಎಲ್ಲ ಅವನದು. ಬೋಟು ನಡೆಸುವ ಕ್ಯಾಪ್ಟನ್ ಒಬ್ಬ. ನಮ್ಮ ಕರಾವಳಿಯವರು ಅಂಥವನನ್ನು ತಾಂಡೇಲ ಎನ್ನುತ್ತಾರೆ. ನೀರಿನ ಬಣ್ಣ, ಬಿಸಿ, ಹಕ್ಕಿಗಳ ಹಾರಾಟ ನೋಡಿ ಮೀನು ಎಲ್ಲಿದೆ ಎಂದು ಹೇಳುವವನು ಅವನೇ. ಆಮೇಲೆ ಒಬ್ಬಿಬ್ಬರು ಆಳುಗಳು. ಹಿಂದಿನ ರಾತ್ರಿಯೇ ಸಣ್ಣ ಮೀನುಗಳನ್ನು ಗಾಳಕ್ಕೆ ಪೋಣಿಸಿ ಮಂಜುಗಡ್ಡೆಯಲ್ಲಿ ಇಡುವುದು, ಗಂಟು ಹಾಕುವುದು, ಬೋಟು ತೊಳೆಯುವುದು, ಹಿಡಿದ ಮೀನನ್ನು ಹತ್ತಿರ ಎಳೆದು ಒಳಕ್ಕೆ ಹಾಕುವುದು, ಎಲ್ಲ ಇವರ ಪಾಲು. ಕಡೆಗೆ ಗಾಳದ ಕೋಲು ಹಿಡಿದು ಕುರ್ಚಿಯಲ್ಲಿ ಕೂರುವ ಆಟಗಾರ. ಪೇಪರಿನಲ್ಲಿ ಹೆಸರು ಬರುವುದು ಹೆಚ್ಚಾಗಿ ಇವನದೇ.

ಆಟಕ್ಕೆ ನಿಯಮಗಳುಂಟು. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಟದ ಮೀನುಗಾರಿಕೆ ಸಂಘ ಅವನ್ನು ಬರೆದಿದೆ. ಅನೇಕ ಪಂದ್ಯಗಳು ಅವನ್ನೇ ಅನುಸರಿಸುತ್ತವೆ. ಮೀನು ಗಾಳಕ್ಕೆ ಬಿದ್ದ ಕ್ಷಣದಿಂದ ಕೋಲನ್ನು ಒಬ್ಬನೇ ಹಿಡಿಯಬೇಕು. ಬೇರೆಯವರು ಕೋಲನ್ನಾಗಲಿ ರಾಟೆಯನ್ನಾಗಲಿ ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ. ಗಾಳದ ಹತ್ತಿರ ಕಟ್ಟಿರುವ ದಪ್ಪ ದಾರ ಬೋಟಿನ ಬಳಿಗೆ ಬಂದಾಗ ಮಾತ್ರ ಆಳು ಅದನ್ನು ಕೈಗೆ ಸುತ್ತಿಕೊಂಡು ಎಳೆಯಬಹುದು. ಇನ್ನೂ ಜೀವವಿರುವ, ಇನ್ನೂರು ಮುನ್ನೂರು ಕಿಲೋದ ಮೀನು ಅದರ ತುದಿಯಲ್ಲಿರುತ್ತದೆ. ಅದು ಒಮ್ಮೆ ಮುಳುಗಿ ಎಳೆದರೆ, ಸುತ್ತು ಬಿಚ್ಚದೆ ಹೋದರೆ, ಆಳೂ ಅದರ ಜೊತೆಗೆ ಕಡಲಿಗೆ. ಹಾಗೆ ಪ್ರಾಣ ಕಳೆದುಕೊಂಡವರು ಇದ್ದಾರೆ. ಕುರ್ಚಿಯಲ್ಲಿ ಕುಳಿತವನಿಗೆ ಪಟ್ಟಿ ಬಿಗಿದಿರುತ್ತದೆ. ದಾರ ಸುತ್ತಿಕೊಂಡವನಿಗೆ ಕೈಚೀಲವೊಂದೇ ರಕ್ಷಣೆ.

ಇನ್ನು ಹಣದ ಮಾತು. ಪ್ರವೇಶ ಹಣವಲ್ಲದೆ, ಬೋಟಿನವರು ತಮಗೆ ಬೇಕಾದರೆ ಬೇರೆ ಬೇರೆ ಪಣಗಳಿಗೂ ಹಣ ಕಟ್ಟಬಹುದು. ಯಾವ ಪಣಕ್ಕೆ ಹಣ ಕಟ್ಟಿಲ್ಲವೋ ಆ ಪಣದ ಬಹುಮಾನ, ಎಷ್ಟೇ ದೊಡ್ಡ ಮೀನು ತಂದರೂ ಇಲ್ಲ. ಈ ಪಣಕ್ಕೆ ಅಮೆರಿಕದ ಮೀನುಗಾರರು ಇಟ್ಟಿರುವ ಹೆಸರು ಯಾವುದು ಬಲ್ಲಿರಾ? 'ಕಲ್ಕತ್ತಾ'! ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಕುದುರೆ ಪಂದ್ಯಗಳ ಸುತ್ತ ಬೆಳೆದ ಜೂಜಿನ ಪದ್ಧತಿ ದೇಶದೇಶಕ್ಕೆ ಹರಡಿ, ಊರಿನ ಹೆಸರೇ ಪಣದ ಹೆಸರಾಯಿತು. ನಮ್ಮ ದೇಶದ ಬೆವರು ಟೀಯಾಗಿ ಸಮುದ್ರ ದಾಟಿತು. ನಮ್ಮ ದೇಶದಲ್ಲಿ ದೊರೆಗಳು ಆಡಿದ ಜೂಜೂ ಸಮುದ್ರ ದಾಟಿತು.

ಇಷ್ಟು ಹಿನ್ನೆಲೆ ಸಾಕು. ಈಗ ನಿಜವಾಗಿ ನಡೆದ ಮೂರು ಪ್ರಕರಣಗಳನ್ನು ನಿಮ್ಮ ಮುಂದೆ ಇಡುತ್ತೇವೆ. ತೀರ್ಪು ಹೇಳುವವರು ನೀವೇ ಆಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚಿಸುತ್ತಾ ಕೇಳಿ.

ಮೊದಲನೆಯದು 2010ರ ಬಿಗ್ ರಾಕ್ ಪಂದ್ಯ. 'ಸೈಟೇಷನ್' ಎಂಬ ಬೋಟು 883 ಪೌಂಡಿನ, ಅಂದರೆ 400 ಕಿಲೋ ತೂಕದ ನೀಲಿ ಮಾರ್ಲಿನ್ ತಂದಿತು. ಆ ಪಂದ್ಯದಲ್ಲಿ ಅಲ್ಲಿಯವರೆಗೆ ಅಂಥ ಮೀನು ಯಾರೂ ತಂದಿರಲಿಲ್ಲ. ಬೇರೆ ಯಾವ ಬೋಟೂ ಅದರ ಹತ್ತಿರಕ್ಕೆ ಬರಲಿಲ್ಲ. ಮೊದಲ ಬಹುಮಾನ 9,12,825 ಡಾಲರ್. ಆದರೆ ಆ ಹಣ ಅವರ ಕೈಗೆ ಬರಲಿಲ್ಲ. ಕಾರಣವೇನು? ಆ ರಾಜ್ಯದಲ್ಲಿ ಕಡಲಲ್ಲಿ ಗಾಳ ಹಾಕುವವರು ಸರ್ಕಾರದಿಂದ ಪರವಾನಗಿ ಪಡೆದಿರಬೇಕು. ಬೋಟಿನಲ್ಲಿದ್ದ ಎಲ್ಲರ ಬಳಿಯೂ ಅದು ಇರಬೇಕೆಂಬುದು ಪಂದ್ಯದ ನಿಯಮ. ಬೋಟಿನ ಆಳಾಗಿದ್ದ 22 ವರ್ಷದ ತರುಣನ ಬಳಿ ಮೀನು ಗಾಳಕ್ಕೆ ಬಿದ್ದ ಹೊತ್ತಿನಲ್ಲಿ ಆ ಪರವಾನಗಿ ಇರಲಿಲ್ಲ. ಕೆಲವೇ ಡಾಲರು ಕೊಟ್ಟರೆ ಸಿಗುವ ಕಾಗದ. ಅದನ್ನು ಕೊಂಡದ್ದು ಮೀನು ಸಿಕ್ಕಿದ ಮೇಲೆ. ಮೀನು ಅನರ್ಹವೆಂದು ಸಾರಲಾಯಿತು. ಮೊದಲ ಬಹುಮಾನ ಅದರ ನಂತರದ ಬೋಟಿಗೆ ಹೋಯಿತು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಎಲ್ಲರೂ ಆ ತರುಣನ ಕಡೆ ಬೆರಳು ತೋರಿಸಿರಬಹುದು. ಒಂದು ಕಾಗದ ಮಾಡಿಸಿಕೊಳ್ಳಲಾರದೆ ಇಷ್ಟು ಹಣ ಕಳೆದನಲ್ಲ ಎಂದು. ತಪ್ಪು ಅವನದೂ ಹೌದು. ಕಾನೂನು ತಿಳಿದುಕೊಳ್ಳುವುದು ಅವನ ಕರ್ತವ್ಯ. ಆದರೆ ನಾವು ಕೇಳುವ ಪ್ರಶ್ನೆ ಬೇರೆ. ಲಕ್ಷಾಂತರ ಬೆಲೆಯ ಬೋಟನ್ನು ಸಿದ್ಧಪಡಿಸುವಾಗ ಇಂಜಿನ್ನಿನ ಎಣ್ಣೆ ನೋಡಿದರು, ಗಾಳದ ಹರಿತ ನೋಡಿದರು, ದಾರದ ಬಲ ನೋಡಿದರು. ಕೆಲಸದಾಳಿನ ಕಾಗದ ಸರಿಯಾಗಿದೆಯೇ ಎಂದು ಕೇಳುವುದು ಯಾರ ಕೆಲಸವಾಗಿತ್ತು? ಕೆಲಸಕ್ಕೆ ಕರೆಯುವಾಗ ಅವನ ತೋಳಿನ ಬಲ ಬೇಕು. ಅವನ ಕಾಗದಪತ್ರ ಅವನ ತಲೆನೋವು. ಇದು ಎಲ್ಲ ಕಡೆಯ ರೂಢಿ. ಬೋಟಿನ ಎಲ್ಲರಿಗಿಂತ ಕೆಳಗಿನವನ ಒಂದು ಕಾಗದ ಮೇಲಿನವರ ಇಡೀ ಬಹುಮಾನವನ್ನು ಕಟ್ಟಿಹಾಕಬಲ್ಲದು ಎಂಬುದು ಅಂದು ಅವರಿಗೆ ತಿಳಿಯಿತು.

ನಮ್ಮ ತೋಟಗಳಲ್ಲಿಯೂ ಇದನ್ನು ಕಾಣುತ್ತೇವೆ. ಹಾಜರಿ ಪುಸ್ತಕದಲ್ಲಿ ಹೆಸರು ಒಂದು ರೀತಿ, ಪ್ರಾವಿಡೆಂಟ್ ಫಂಡಿನ ಕಾಗದದಲ್ಲಿ ಇನ್ನೊಂದು ರೀತಿ. ಗುರುತಿನ ಚೀಟಿಯಲ್ಲಿ ಹುಟ್ಟಿದ ವರ್ಷ ಬೇರೆ, ಶಾಲೆಯ ದಾಖಲೆಯಲ್ಲಿ ಬೇರೆ. ಗಡಿಯಲ್ಲಿ ಬಾಳುವ ನಮಗಂತೂ ಹೆಸರನ್ನು ಒಂದು ಕಚೇರಿ ಕನ್ನಡದ ಉಚ್ಚಾರದಲ್ಲಿ ಬರೆದರೆ, ಇನ್ನೊಂದು ತಮಿಳಿನಲ್ಲಿಯೋ ಮಲಯಾಳದಲ್ಲಿಯೋ ಬರೆಯುತ್ತದೆ. ಮೂವತ್ತು ವರ್ಷ ದುಡಿದು ಹಣ ಪಡೆಯಲು ಹೋದಾಗ ಒಂದು ಅಕ್ಷರದ ವ್ಯತ್ಯಾಸ ಅಡ್ಡ ನಿಲ್ಲುತ್ತದೆ. ಆದುದರಿಂದ ಮೀನು ಗಾಳಕ್ಕೆ ಬೀಳುವ ಮೊದಲೇ ಕಾಗದ ಕೈಯಲ್ಲಿರಬೇಕು. ಬಿದ್ದ ಮೇಲೆ ಕೊಂಡ ಕಾಗದಕ್ಕೆ ಬೆಲೆಯಿಲ್ಲ. ಇದನ್ನು ಒಬ್ಬೊಬ್ಬರೇ ಮಾಡಲಾಗದಿದ್ದರೆ ಲೈನಿನ ಹತ್ತು ಮನೆಯವರು ಕೂಡಿ, ಓದುಬಲ್ಲ ಮಕ್ಕಳನ್ನು ಕೂರಿಸಿಕೊಂಡು, ಎಲ್ಲರ ಕಾಗದವನ್ನೂ ಒಮ್ಮೆ ತಾಳೆ ನೋಡಬೇಕು. ಪಕ್ಕದ ಮನೆಯವನ ಕಾಗದ ನಮಗೇಕೆ ಎನ್ನಬಾರದು. ಬೋಟು ಒಂದೇ.

ಎರಡನೆಯ ಪ್ರಕರಣ ಅದೇ ಪಂದ್ಯದ್ದು, 2023ರ ಜೂನ್ 17ನೆಯ ತಾರೀಖು, ಪಂದ್ಯದ ಕೊನೆಯ ದಿನ. 'ಸೆನ್ಸೇಷನ್' ಎಂಬ ಬೋಟಿನವರು ಸುಮಾರು ಆರು ತಾಸು ಹೋರಾಡಿ ಒಂದು ನೀಲಿ ಮಾರ್ಲಿನ್ ಹಿಡಿದರು. ರಾತ್ರಿ ಬಂದರಿಗೆ ಬಂದಾಗ ಜನಸಂದಣಿ ಕಾದು ನಿಂತಿತ್ತು. ತೂಕ 619.4 ಪೌಂಡು, ಅಂದರೆ ಸುಮಾರು 281 ಕಿಲೋ. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ 'ಸುಶಿ' ಎಂಬ ಬೋಟಿನ ಮೀನು 484.5 ಪೌಂಡು. ಅಂತರ ಕಣ್ಣಿಗೆ ಕಾಣುವಂಥದು. ಐನೂರು ಪೌಂಡು ದಾಟಿದ ಮೊದಲ ಮೀನಿಗೆಂದೇ 7,39,500 ಡಾಲರಿನ ಪ್ರತ್ಯೇಕ ಬಹುಮಾನವೂ ಇತ್ತು. ಎಲ್ಲ ಸೇರಿ ಸುಮಾರು 35 ಲಕ್ಷ ಡಾಲರ್ ಅವರ ಕೈಗೆ ಬರುವುದಿತ್ತು.

ಆದರೆ ಮೀನಿನ ಮೈಮೇಲೆ ಗಾಯವಿತ್ತು. ಬೋಟಿಗೆ ಬರುವ ಮೊದಲೇ ಶಾರ್ಕ್ ಮೀನು ಕಚ್ಚಿತ್ತು. ನಿಯಮ ಹೀಗೆ ಹೇಳುತ್ತದೆ: ಹಿಡಿಯುವ ಮೊದಲು ಶಾರ್ಕೋ ಬೇರೆ ಪ್ರಾಣಿಯೋ ಬೋಟಿನ ಪಂಖವೋ ಮೀನಿನ ಮಾಂಸವನ್ನು ಕಿತ್ತಿದ್ದರೆ ಅಥವಾ ಸೀಳಿದ್ದರೆ ಅದು ಅನರ್ಹ. ಗಾಯಗೊಂಡ ಮೀನು ಬಲಗುಂದಿರುತ್ತದೆ. ಅದನ್ನು ಹಿಡಿಯುವುದು ಸರಿಸಮಾನ ಹೋರಾಟವಲ್ಲ ಎಂಬುದು ನಿಯಮದ ಹಿಂದಿನ ಯೋಚನೆ. ಪಂದ್ಯದವರು ರಾತ್ರಿಯೇ ತೀರ್ಪು ಹೇಳಲಿಲ್ಲ. ಸಮುದ್ರ ಜೀವಿಗಳನ್ನು ಬಲ್ಲ ತಜ್ಞರನ್ನು ಕೇಳಿದರು. ಮರುದಿನ ಮೀನು ಅನರ್ಹವೆಂದು ಸಾರಿದರು. 'ಸುಶಿ' ಬೋಟಿಗೆ ಸುಮಾರು 27 ಲಕ್ಷ 70 ಸಾವಿರ ಡಾಲರ್ ಹೋಯಿತು. 'ಸೆನ್ಸೇಷನ್' ಬೋಟಿನವರು ಪ್ರತಿಭಟಿಸಿದರು, ಪ್ರತಿಭಟನೆ ನಿಲ್ಲಲಿಲ್ಲ.

ಅರ್ನೆಸ್ಟ್ ಹೆಮಿಂಗ್ವೇ ಎಂಬ ಅಮೆರಿಕದ ಲೇಖಕರು 1952ರಲ್ಲಿ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಎಂಬ ಪುಸ್ತಕ ಪ್ರಕಟಿಸಿದರು. ಕ್ಯೂಬಾದ ಬಡ ಮುದಿ ಬೆಸ್ತನೊಬ್ಬ ಒಬ್ಬನೇ ದೊಡ್ಡ ಮಾರ್ಲಿನ್ ಹಿಡಿಯುತ್ತಾನೆ. ದಡಕ್ಕೆ ತರುವ ದಾರಿಯಲ್ಲಿ ಶಾರ್ಕುಗಳು ಅದನ್ನು ತಿಂದುಹಾಕುತ್ತವೆ. ಕೊನೆಗೆ ಉಳಿಯುವುದು ಎಲುಬಿನ ಗೂಡು. ಆ ಮುದುಕನಿಗೆ ಅದು ಹೊಟ್ಟೆಯ ಪ್ರಶ್ನೆ, ಮಾನದ ಪ್ರಶ್ನೆ. ಹೆಮಿಂಗ್ವೇ ಹೆಸರಿನಲ್ಲಿಯೇ ಕ್ಯೂಬಾದಲ್ಲಿ 1950ರಿಂದ ಮೀನು ಪಂದ್ಯವೂ ನಡೆಯಿತು. 1960ರಲ್ಲಿ ಆ ಪಂದ್ಯದಲ್ಲಿ ಗೆದ್ದವರು ಫಿಡೆಲ್ ಕ್ಯಾಸ್ಟ್ರೊ. ಬಹುಮಾನ ಕೊಟ್ಟವರು ಸ್ವತಃ ಹೆಮಿಂಗ್ವೇ. ಕಡಲಿನಲ್ಲಿ ಶಾರ್ಕು ಎಲ್ಲರ ಮೀನನ್ನೂ ಕಚ್ಚುತ್ತದೆ. ಆದರೆ ಶಾರ್ಕು ಕಚ್ಚಿದರೆ ಒಬ್ಬನಿಗೆ ಬಹುಮಾನ ಹೋಗುತ್ತದೆ, ಇನ್ನೊಬ್ಬನಿಗೆ ಊಟ ಹೋಗುತ್ತದೆ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

'ಸೆನ್ಸೇಷನ್' ಬೋಟಿನ ತೀರ್ಪು ನ್ಯಾಯವೋ ಅನ್ಯಾಯವೋ? ಆರು ತಾಸು ಬೆವರು ಸುರಿಸಿದವರ ಮೇಲೆ ನಮಗೆ ಕನಿಕರ ಹುಟ್ಟುತ್ತದೆ. ಶಾರ್ಕನ್ನು ಅವರು ಕರೆತರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಆ ನಿಯಮ ಪಂದ್ಯಕ್ಕೆ ಮೊದಲೇ ಬರೆದಿತ್ತು. ಎಲ್ಲ ಬೋಟಿನವರಿಗೂ ಒಂದೇ ಆಗಿತ್ತು. ತೂಗಿದ್ದು ಸಾವಿರ ಕಣ್ಣುಗಳ ಮುಂದೆ. ತೂಕದ ಅಂಕಿ ಎಲ್ಲರಿಗೂ ಕಾಣುವಂತಿತ್ತು. ಸೋತವನಿಗೆ ಯಾಕೆ ಸೋತೆ ಎಂಬ ಕಾರಣ ಹೇಳಲಾಯಿತು. ಕಹಿಯಾದರೂ ಇದು ಬಯಲಿನ ತೀರ್ಪು.

ನಮ್ಮ ಅಕ್ಕತಂಗಿಯರು ದಿನಾಲೂ ತಕ್ಕಡಿಯ ಮುಂದೆ ನಿಲ್ಲುವವರು. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಿತ್ತ ಎಲೆಯನ್ನು ತೂಗುವಾಗ ನೀರಿನ ಕಡಿತ ಎಷ್ಟು, ಚೀಲದ ಕಡಿತ ಎಷ್ಟು ಎಂದು ಕೆಲವು ಕಡೆ ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಇವತ್ತು ಒಂದು, ನಾಳೆ ಇನ್ನೊಂದು. ಮುಳ್ಳು ತೂಗುವವನ ಕಡೆ ತಿರುಗಿರುತ್ತದೆ. ಕಿತ್ತವಳ ಕಡೆ ತಕ್ಕಡಿಯ ಬೆನ್ನು. ಎಲ್ಲ ತೋಟಗಳಲ್ಲಿಯೂ ಹೀಗೆ ಎಂದು ನಾವು ಹೇಳುವುದಿಲ್ಲ. ಚೆನ್ನಾಗಿ ತೂಗುವ ಜಾಗಗಳೂ ಉಂಟು. ಮೀನು ಪಂದ್ಯದ ಸಂಘ ತಕ್ಕಡಿಯನ್ನು ಹನ್ನೆರಡು ತಿಂಗಳೊಳಗೆ ಪರೀಕ್ಷೆ ಮಾಡಿಸಿರಬೇಕೆಂದು ಕೇಳುತ್ತದೆ. ಅದು ಆಟದ ಮೀನಿಗೆ. ನಮ್ಮ ದೇಶದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಎಂಬುದಿದೆ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಮಾತ್ರವಲ್ಲ, ಮಾಡಿದ ಕೆಲಸವನ್ನೂ ಕೊಡಬೇಕಾದ ಕೂಲಿಯನ್ನೂ ಅಳೆಯುವ ವ್ಯವಹಾರಕ್ಕೂ ಆ ಕಾಯ್ದೆ ಅನ್ವಯಿಸುತ್ತದೆ. ಅಂದರೆ ಎಲೆ ತೂಗುವ ತಕ್ಕಡಿಯೂ ಪರೀಕ್ಷೆಯಾಗಿ ಸರ್ಕಾರಿ ಮುದ್ರೆ ಹೊಂದಿರಬೇಕು. ಮುದ್ರೆ ಎಲ್ಲಿದೆ, ಯಾವ ವರ್ಷದ್ದು ಎಂದು ಗೌರವದಿಂದ ಕೇಳುವುದು ಜಗಳವಲ್ಲ. ತಕ್ಕಡಿಯ ಮುಖ ನಮ್ಮ ಕಡೆಗೂ ಇರಲಿ ಎಂದು ಕೇಳುವುದು ಅವಿಧೇಯತೆಯಲ್ಲ. ಕೋಟ್ಯಾಧಿಪತಿಗಳು ಒಂದು ಮೀನಿಗಾಗಿ ಕೇಳುವ ನ್ಯಾಯವನ್ನು ನಾವು ಮಕ್ಕಳ ಅನ್ನಕ್ಕಾಗಿ ಕೇಳಬಾರದೇ?

ತಕ್ಕಡಿಯ ವಿಷಯದಲ್ಲಿ ನಮ್ಮ ಕಡೆಯ ಕರ್ತವ್ಯವೂ ಉಂಟು. ಅಮೆರಿಕದ ಈರಿ ಎಂಬ ಸರೋವರದಲ್ಲಿ, ಅದು ಉಪ್ಪುನೀರಲ್ಲ, ಸಿಹಿನೀರು, 2022ರ ಸೆಪ್ಟೆಂಬರ್ 30ರಂದು ಒಂದು ಪಂದ್ಯ ನಡೆಯಿತು. ಇಬ್ಬರು ತಂದ ಮೀನುಗಳು ನೋಡುವುದಕ್ಕೆ ಚಿಕ್ಕವು, ತಕ್ಕಡಿಯಲ್ಲಿ ಭಾರ. ಪಂದ್ಯ ನಡೆಸುವವನಿಗೆ ಅನುಮಾನ ಬಂತು. ಎಲ್ಲರ ಮುಂದೆ ಹೊಟ್ಟೆ ಸೀಳಿದರೆ ಒಳಗೆ ಸೀಸದ ಗುಂಡುಗಳು! 2023ರಲ್ಲಿ ಇಬ್ಬರೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಹತ್ತು ದಿನ ಜೈಲು, ಬೋಟಿನ ಮುಟ್ಟುಗೋಲು, ಮೂರು ವರ್ಷ ಪರವಾನಗಿಯ ರದ್ದು ಆಯಿತು. ಎಲೆಯ ಚೀಲದಲ್ಲಿ ಕಲ್ಲು, ಬಲಿತ ಕಡ್ಡಿ ಸೇರಿಸುವವರು ಒಬ್ಬರಿದ್ದರೂ ಉಳಿದ ತೊಂಬತ್ತೊಂಬತ್ತು ಜನರ ಪ್ರಾಮಾಣಿಕ ತೂಕಕ್ಕೆ ಅನುಮಾನ ತಗಲುತ್ತದೆ. ನಮ್ಮ ಚೀಲ ಚೊಕ್ಕವಾಗಿದ್ದರೆ ಮಾತ್ರ ಅವರ ತಕ್ಕಡಿಯನ್ನು ಪ್ರಶ್ನಿಸುವ ಧೈರ್ಯ ನಮಗೆ ಬರುತ್ತದೆ.

ಮೂರನೆಯ ಪ್ರಕರಣಕ್ಕೆ ಬರುತ್ತೇವೆ. ಮೇರಿಲ್ಯಾಂಡ್ ರಾಜ್ಯದ ಓಷನ್ ಸಿಟಿ ಎಂಬಲ್ಲಿ 1974ರಿಂದ 'ವೈಟ್ ಮಾರ್ಲಿನ್ ಓಪನ್' ಎಂಬ ಪಂದ್ಯ ನಡೆಯುತ್ತಿದೆ. 2016ರಲ್ಲಿ ಅಲ್ಲಿ 76.5 ಪೌಂಡಿನ, ಅಂದರೆ 35 ಕಿಲೋಗೂ ಸ್ವಲ್ಪ ಕಡಿಮೆ ತೂಕದ ಬಿಳಿ ಮಾರ್ಲಿನ್ ಒಂದಕ್ಕೆ ಸುಮಾರು 28 ಲಕ್ಷ ಡಾಲರ್ ಬಹುಮಾನ ಬರುವುದಿತ್ತು. ಆ ವಾರ ಬೇರೆ ಯಾರ ಬಿಳಿ ಮಾರ್ಲಿನ್ ಕೂಡ ಬಹುಮಾನದ ತೂಕ ಮುಟ್ಟಿರಲಿಲ್ಲ. ಆದರೆ ಆ ಪಂದ್ಯದಲ್ಲಿ ದೊಡ್ಡ ಬಹುಮಾನ ಗೆದ್ದವರು ಸುಳ್ಳು ಪತ್ತೆ ಯಂತ್ರದ ಮುಂದೆ ಕುಳಿತು ಉತ್ತರ ಹೇಳಬೇಕೆಂಬ ಷರತ್ತಿದೆ. ನಡುಗಡಲಿನಲ್ಲಿ ಸಾಕ್ಷಿ ಯಾರು? ಆ ಬೋಟಿನವರು ಯಂತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಬೆಳಿಗ್ಗೆ 8.30ಕ್ಕೆ ಮೊದಲು ಗಾಳ ಇಳಿಸಬಾರದೆಂಬ ನಿಯಮವನ್ನು ಅವರು ಮುರಿದರೆಂದು ಆಪಾದನೆ. 2017ರಲ್ಲಿ ಫೆಡರಲ್ ನ್ಯಾಯಾಲಯ ಬಹುಮಾನ ಅವರಿಗೆ ಸಲ್ಲದೆಂದು ತೀರ್ಪು ನೀಡಿತು. 2018ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಸುಳ್ಳು ಪತ್ತೆ ಯಂತ್ರ ಎಂದರೆ ಹೆದರಬೇಡಿ. ಅದು ಮನಸ್ಸನ್ನು ಓದುವುದಿಲ್ಲ. ನಾಡಿ, ಉಸಿರು, ಬೆವರು ಇವುಗಳ ಏರಿಳಿತವನ್ನು ಬರೆಯುತ್ತದೆ, ಅಷ್ಟೇ. ಸತ್ಯ ಹೇಳುವ ಪುಕ್ಕಲನ ನಾಡಿಯೂ ಓಡುತ್ತದೆ. ಅದಕ್ಕಾಗಿಯೇ ಅಮೆರಿಕದಲ್ಲಿಯೂ ಹೆಚ್ಚಿನ ಖಾಸಗಿ ಮಾಲೀಕರು ತಮ್ಮ ಕೆಲಸಗಾರರನ್ನು ಆ ಯಂತ್ರದ ಮುಂದೆ ಕೂರಿಸಬಾರದೆಂದು 1988ರಲ್ಲಿ ಕಾನೂನು ಮಾಡಿದರು. ನಮ್ಮ ದೇಶದಲ್ಲಿ 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಾರನ್ನೂ ಬಲವಂತದಿಂದ ಆ ಪರೀಕ್ಷೆಗೆ ಒಳಪಡಿಸಕೂಡದೆಂದು ತೀರ್ಪಿತ್ತಿತು. ಲಕ್ಷಾಂತರ ಡಾಲರಿನ ಪಂದ್ಯಕ್ಕೆ ತಾನಾಗಿ ಸಹಿ ಹಾಕಿ ಹೋದವನ ಮಾತು ಬೇರೆ; ಕಳವಿನ ಅನುಮಾನದ ಮೇಲೆ ಹಿಡಿದು ತಂದ ಕೂಲಿಯವನ ಮಾತು ಬೇರೆ. ನಮ್ಮ ಹುಡುಗರನ್ನು ಯಾರಾದರೂ ಯಂತ್ರದ ಹೆಸರು ಹೇಳಿ ಹೆದರಿಸಿದರೆ ಈ ತೀರ್ಪು ನೆನಪಿರಲಿ.

ಇನ್ನು ಪಾಲಿನ ಪ್ರಶ್ನೆ. ಬೋಟಿಗೆ ಬಹುಮಾನ ಬಂದರೆ ದಾರ ಸುತ್ತಿಕೊಂಡು ಎಳೆದ ಆಳಿಗೆ ಎಷ್ಟು? ಅದನ್ನು ಪಂದ್ಯದ ನಿಯಮ ಹೇಳುವುದಿಲ್ಲ. ಮಾಲೀಕನ ಮತ್ತು ಕೆಲಸದವರ ನಡುವಿನ ಒಪ್ಪಂದ ಅದು. ಮೊದಲೇ ಮಾತಾಡಿ ಬರೆದುಕೊಂಡವರಿಗೆ ಪಾಲು ಸಿಗುತ್ತದೆ. 'ಗೆದ್ದ ಮೇಲೆ ನೋಡೋಣ' ಎಂಬ ಮಾತನ್ನು ನಂಬಿದವನ ಪಾಲು ಮಾಲೀಕನ ದಯೆಯ ಮೇಲೆ ನಿಂತಿರುತ್ತದೆ. ಹಣ ಬರುವ ಮೊದಲು ಎಲ್ಲರೂ ಅಣ್ಣತಮ್ಮಂದಿರು. ಬಂದ ಮೇಲೆ ಲೆಕ್ಕ ಶುರು. ಹೆಚ್ಚು ಎಲೆಗೆ ಹೆಚ್ಚು ಹಣ, ಬೋನಸ್ಸು, ಗುತ್ತಿಗೆಯ ಕೆಲಸ, ಯಾವುದೇ ಆಗಲಿ, ಮಾತು ಕೆಲಸಕ್ಕೆ ಮೊದಲು ಆಗಬೇಕು, ಬಾಯಲ್ಲಿ ಆದದ್ದು ಕಾಗದದಲ್ಲಿ ಬರಬೇಕು. ಮೇಸ್ತ್ರಿ ಒಳ್ಳೆಯವನಿರಬಹುದು, ನಾಳೆ ಬೇರೆ ಮೇಸ್ತ್ರಿ ಬರುತ್ತಾನೆ. ಕಾಗದ ಉಳಿಯುತ್ತದೆ.

ಪಣದ ಮಾತನ್ನೂ ಬಿಡುವಂತಿಲ್ಲ. ಸೋತರೂ ಮನೆಯಲ್ಲಿ ಅಕ್ಕಿಯಿರುವವರು 'ಕಲ್ಕತ್ತಾ' ಆಡುತ್ತಾರೆ. ನಮ್ಮ ನಡುವೆ ಕೆಲವರು ಲಾಟರಿ ಚೀಟಿಯನ್ನು ಗಾಳ ಎಂದುಕೊಂಡಿದ್ದಾರೆ. ಕೇರಳ ಸರ್ಕಾರ 1967ರಲ್ಲಿ ಲಾಟರಿ ಆರಂಭಿಸಿತು. ತಮಿಳುನಾಡು 2003ರಲ್ಲಿ ಲಾಟರಿಯನ್ನು ನಿಷೇಧಿಸಿತು. ಗಡಿಯ ಈ ಕಡೆ ಬಂದ್ ಎಂದು ಆ ಕಡೆ ಹೋಗಿ ಕೊಳ್ಳುವವರಿದ್ದಾರೆ. ಆ ಆಟದಲ್ಲಿ ನಾವು ಗಾಳ ಹಾಕುವವರಲ್ಲ, ಗಾಳಕ್ಕೆ ಸಿಗುವವರು. ಶನಿವಾರದ ಕೂಲಿ ಚೀಟಿಯಾಗಿ ಹೋದರೆ ಸೋಮವಾರ ಮಗುವಿನ ಬುತ್ತಿ ಖಾಲಿ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಯದಾಗಿ ಮೀನಿನ ಮಾತು. ಇಷ್ಟು ಹೊತ್ತು ಅದರ ತೂಕ ಹೇಳಿದೆವು, ಬೆಲೆ ಹೇಳಿದೆವು. ಅದರ ಪಾಡು ಏನು? ಮಾರ್ಲಿನ್‌ಗಳ ಸಂಖ್ಯೆ ಇಳಿಯುತ್ತಾ ಬಂದದ್ದನ್ನು ಕಂಡು ಆಟಗಾರರೇ ಎಚ್ಚೆತ್ತರು. ಈಗಿನ ಪಂದ್ಯಗಳಲ್ಲಿ ಹಿಡಿದ ಹೆಚ್ಚಿನ ಮೀನುಗಳನ್ನು ಜೀವಂತವಾಗಿ ಕಡಲಿಗೇ ಬಿಡುತ್ತಾರೆ, ಬಿಟ್ಟದ್ದಕ್ಕೂ ಅಂಕವುಂಟು. ಬಿಗ್ ರಾಕ್ ಪಂದ್ಯದಲ್ಲಿ 110 ಅಂಗುಲ ಉದ್ದವಾಗಲಿ 400 ಪೌಂಡು ತೂಕವಾಗಲಿ ಇಲ್ಲದ ನೀಲಿ ಮಾರ್ಲಿನ್ ದಡಕ್ಕೆ ತರುವಂತಿಲ್ಲ. ಅಮೆರಿಕದ ಅಟ್ಲಾಂಟಿಕ್ ಪಂದ್ಯಗಳಲ್ಲಿ ಮೀನಿನ ಎರೆ ಕಟ್ಟುವವರು 2008ರಿಂದ ಒಳಕ್ಕೆ ಬಾಗಿದ ಉಂಗುರದಂಥ ಗಾಳವನ್ನೇ ಬಳಸಬೇಕು. ಅದು ಹೊಟ್ಟೆಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಬಿಟ್ಟ ಮೇಲೆ ಮೀನು ಬದುಕುವ ಸಂಭವ ಹೆಚ್ಚು. 2012ರಲ್ಲಿ ಮಾರ್ಲಿನ್ ಜಾತಿಯ ಮೀನಿನ ಮಾರಾಟವನ್ನೇ ಆ ದೇಶದ ಕಾನೂನು ಬಹುಮಟ್ಟಿಗೆ ತಡೆಯಿತು.

ಹಿಡಿಯುವ ಆಸೆಯೂ ಉಳಿಯಬೇಕು, ಮೀನೂ ಉಳಿಯಬೇಕು ಎಂದು ಯೋಚಿಸಿದಾಗ ಮನುಷ್ಯ ಗಾಳದ ಆಕಾರವನ್ನೇ ಬದಲಿಸಿದ. ಇದು ಸಣ್ಣ ಮಾತಲ್ಲ. ಕಡಲಿನ ಮೂಕ ಪ್ರಾಣಿ ಸಾಯದಿರಲೆಂದು ಕಬ್ಬಿಣದ ಗಾಳವನ್ನು ಬಗ್ಗಿಸಬಹುದಾದರೆ, ಬಾಯುಳ್ಳ ಮನುಷ್ಯ ದುಡಿದು ಸಾಯದಿರಲೆಂದು ದುಡಿಮೆಯ ಪದ್ಧತಿಯನ್ನೂ ಬಗ್ಗಿಸಬಹುದು. ಔಷಧಿ ಹೊಡೆಯುವವನಿಗೆ ಮುಖವಾಡ, ಬಸುರಿಗೆ ಭಾರವಿಲ್ಲದ ಕೆಲಸ, ಎಲೆ ತೂಗುವಲ್ಲಿ ಬಿಸಿಲು ಮಳೆಗೆ ಒಂದು ಸೂರು, ಇವು ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ. ಬೇಡುವವರು ಒಟ್ಟಾಗಿ ಕೇಳಬೇಕು. ಕೇಳಿದ್ದನ್ನು ಬರೆದು ಇಡಬೇಕು. ಬಿಡದೆ ಮತ್ತೆ ಕೇಳಬೇಕು.

ಆದುದರಿಂದ ನಾವು ನಿಮ್ಮಲ್ಲಿ ವಿನಂತಿಸುವುದು ನಾಲ್ಕೇ ಮಾತು. ಬರುವ ಕೂಟಕ್ಕೆ ಮೊದಲು ಪ್ರತಿ ಲೈನಿನಲ್ಲಿಯೂ ಹೆಸರು ಮತ್ತು ಹುಟ್ಟಿದ ವರ್ಷದ ಕಾಗದಗಳನ್ನು ತಾಳೆ ನೋಡಿ. ತಕ್ಕಡಿಯ ಮುದ್ರೆ ಯಾವ ವರ್ಷದ್ದೆಂದು ಗುರುತು ಮಾಡಿಕೊಳ್ಳಿ. ಎಲೆಯ ತೂಕವನ್ನು ದಿನದಿನವೂ ಮಕ್ಕಳ ನೋಟುಬುಕ್ಕಿನ ಒಂದು ಹಾಳೆಯಲ್ಲಿ ಬರೆದಿಡಿ. ತಿಂಗಳ ಕೊನೆಗೆ ಕಚೇರಿಯ ಲೆಕ್ಕಕ್ಕೆ ಹೊಂದಿಸಿ ನೋಡಿ. ವ್ಯತ್ಯಾಸ ಕಂಡರೆ ಒಬ್ಬರೇ ಹೋಗಿ ಕೂಗಾಡದೆ, ನಾಲ್ವರು ಕೂಡಿ, ಹಾಳೆಯನ್ನು ಮುಂದಿಟ್ಟು, ಸಮಾಧಾನದಿಂದ ಕೇಳಿ.